ಲಿನಕ್ಸ್ ಡಿಸ್ಕನ್ನು ವಿಂಡೋಸ್‌ನಲ್ಲಿ ಓದುವುದು ಹೇಗೆ: ‘ಫಾರ್ಮ್ಯಾಟ್’ ಒತ್ತುವ ಮೊದಲು ಇದನ್ನು ಓದಿ

ಏಪ್ರಿಲ್-ಮೇ ತಿಂಗಳ ಸಿಡಿಲು ಮುಗಿಯುವ ಹೊತ್ತಿಗೆ ಗೋಣಿಕೊಪ್ಪದ ನನ್ನ ರಿಪೇರಿ ಅಂಗಡಿಯ ಮೂಲೆಯಲ್ಲಿ ಸತ್ತ ಕಂಪ್ಯೂಟರ್‌ಗಳ ಸಾಲು ಬಿದ್ದಿರುತ್ತದೆ. ಬೋರ್ಡ್ ಸುಟ್ಟಿರುತ್ತದೆ, ಇಲ್ಲವೇ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ ಸುಟ್ಟಿರುತ್ತದೆ. ಒಳಗಿನ ಡಿಸ್ಕ್ ಮಾತ್ರ ಎಷ್ಟೋ ಸಲ ಬದುಕಿರುತ್ತದೆ. ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಮುಗೀತು, ಅಲ್ವಾ? ವಿಂಡೋಸ್ ಇದ್ದ ಡಿಸ್ಕ್ ಆದರೆ ಹೌದು. ವಿಂಡೋಸ್ ಬದಲು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇದ್ದದ್ದಾದರೆ ಎಡವಟ್ಟು ಅಲ್ಲಿಂದಲೇ ಶುರು.

ಈ ಸಲ ಬಂದವರು ಒಂದು ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು. ಆಫೀಸಿನ ಹಳೇ ಉಬುಂಟು (ಲಿನಕ್ಸಿನ ಒಂದು ಬಗೆ) ಮೆಷಿನ್ ಕೆಟ್ಟಿತ್ತು. ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ), ದಿನದಿನದ ಮಳೆ ಲೆಕ್ಕ, ಕಣದ ಲೆಕ್ಕ ಎಲ್ಲವೂ ಅದರಲ್ಲೇ. ಡಿಸ್ಕ್ ಬಿಚ್ಚಿ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದ್ದಾರೆ. ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅಂತ ಕಿಟಕಿ ಬಂದಿದೆ. “ಕಂಪ್ಯೂಟರೇ ಕೇಳ್ತಾ ಇದೆಯಲ್ಲ ಅಂತ ಒತ್ತಿಬಿಟ್ಟೆ ಅಣ್ಣ” ಅಂದರು.

ಇದೇ ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳಿ ಸಾಕಾಗಿದೆ. ಅದಕ್ಕೇ ಈ ಬರಹ.

ಒಂದು ವಿಷಯ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ವಿಂಡೋಸ್‌ಗೆ ಸಾಮಾನ್ಯವಾಗಿ ಗೊತ್ತಿರುವುದು ಎನ್‌ಟಿಎಫ್‌ಎಸ್, ಫ್ಯಾಟ್32, ಎಕ್ಸ್‌ಫ್ಯಾಟ್ ಎಂಬ ಜೋಡಣೆಗಳು, ಅಂದರೆ ಡಿಸ್ಕಿನಲ್ಲಿ ಫೈಲ್ ಇಡುವ ಕ್ರಮಗಳು (ಫೈಲ್ ಸಿಸ್ಟಮ್). ಉಬುಂಟು ತನ್ನ ಫೈಲ್‌ಗಳನ್ನು ಇಡುವುದು ಇಎಕ್ಸ್‌ಟಿ4 ಎಂಬ ಬೇರೆ ಜೋಡಣೆಯಲ್ಲಿ. ಇನ್ನೊಂದು ಬಗೆಯ ಲಿನಕ್ಸ್ ಆದ ಫೆಡೋರಾ 2020ರಿಂದ ಬಿಟಿಆರ್‌ಎಫ್‌ಎಸ್ ಬಳಸುತ್ತದೆ. ಇವೆರಡೂ ವಿಂಡೋಸ್‌ಗೆ ಓದಲು ಬರುವುದಿಲ್ಲ. ಅಕ್ಷರ ಬಾರದವನ ಕೈಗೆ ಪುಸ್ತಕ ಕೊಟ್ಟರೆ ‘ಇದರಲ್ಲಿ ಏನೂ ಇಲ್ಲ, ಹರಿದು ಹಾಕಲಾ?’ ಅಂದಹಾಗೆ ಅದು ಫಾರ್ಮ್ಯಾಟ್ ಕೇಳುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ.

ಬೇಕಾಗುವ ಸಾಮಾನು

ಡಿಸ್ಕಿಗೆ ತಕ್ಕ ಕೇಬಲ್ ಬೇಕು. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್ ಆದರೆ ಸಾಟಾದಿಂದ ಯುಎಸ್‌ಬಿಗೆ ಬರುವ ಸಾದಾ ಕೇಬಲ್ ಸಾಕು, ವಿದ್ಯುತ್ತೂ ಅದರಿಂದಲೇ ಬರುತ್ತದೆ. ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನದಕ್ಕೆ ಅದು ಸಾಲದು, 12 ವೋಲ್ಟಿನ ಅಡಾಪ್ಟರ್ ಜೊತೆಗೆ ಬರುವ ಕೇಬಲ್ಲೇ ಬೇಕು. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಡಿಸ್ಕ್ ಆದರೆ ಅದು ಎನ್‌ವಿಎಂಇಯೋ ಸಾಟಾವೋ (ಎರಡು ಬಗೆಯ ಸಂಪರ್ಕ) ನೋಡಿಯೇ ಅದನ್ನು ಕೂರಿಸುವ ಯುಎಸ್‌ಬಿ ಡಬ್ಬಿ ಕೊಳ್ಳಿ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ ಇದ್ದರೂ ಒಂದರ ಡಬ್ಬಿಯಲ್ಲಿ ಇನ್ನೊಂದು ಓಡದೇ ಇರಬಹುದು.

ಫೈಲ್ ಇಳಿಸಿಕೊಳ್ಳಲು ಇನ್ನೊಂದು ಡಿಸ್ಕ್ ಬೇಕು, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರುವಂಥದ್ದು. ಜೊತೆಗೆ 8 ಜಿಬಿ ಅಥವಾ ಜಾಸ್ತಿಯ ಒಂದು ಖಾಲಿ ಪೆನ್‌ಡ್ರೈವ್.

ಯುಪಿಎಸ್ ಇದ್ದರೆ ಒಳ್ಳೆಯದು ಅಂತ ಬೇರೆ ಊರಿನವರು ಬರೆದಾರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಇರಲೇಬೇಕು. ಲೆಕ್ಕ ಹಾಕಿ: ಹಳೇ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 30-35 ಎಂಬಿ ಹೋದರೆ ಹೆಚ್ಚು. 500 ಜಿಬಿ ಇಳಿಸಲು ನಾಲ್ಕು ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಕರೆಂಟ್ ಇದ್ದದ್ದು ನಿಮಗೆ ನೆನಪಿದೆಯಾ? ಯುಎಸ್‌ಬಿ 3 ಕಿಂಡಿ ಬಳಸಿ. ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿ. ಆದರೆ ಮೂರೂವರೆ ಇಂಚಿನ ಡಿಸ್ಕಿನ ಅಡಾಪ್ಟರ್ ಗೋಡೆಯ ಕರೆಂಟಿನಲ್ಲೇ ಓಡುತ್ತದೆ ಎನ್ನುವುದು ನೆನಪಿರಲಿ.

ಹಂತ 1: ಚುಚ್ಚುವ ಮೊದಲು ಒಣಗಿಸಿ

ಮಳೆಗಾಲವಿಡೀ ಅಲ್ಮೇರಾದಲ್ಲಿ ಬಿದ್ದಿದ್ದ ಡಿಸ್ಕನ್ನು ಹೊರತೆಗೆದ ಕೂಡಲೇ ಚುಚ್ಚಬೇಡಿ. ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಕಿಲುಬು, ಬಿಳೀ ಬೂಷ್ಟು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ರಾತ್ರಿ ಇಡಿ. ಒದ್ದೆ ಬಟ್ಟೆ ಒಣಗಿಸಿದ ಹಾಗೆ ಒಲೆಯ ಹತ್ತಿರ ಇಟ್ಟು ತಂದವರಿದ್ದಾರೆ. ಹಾಗೆ ಮಾಡಬೇಡಿ.

ಹಂತ 2: ವಿಂಡೋಸ್ ಏನು ಕೇಳಿದರೂ ‘ಬೇಡ’

ಡಿಸ್ಕ್ ಚುಚ್ಚಿದ ಮೇಲೆ ಮೂರರಲ್ಲಿ ಒಂದು ಆಗುತ್ತದೆ.

ಒಂದು, ಫಾರ್ಮ್ಯಾಟ್ ಮಾಡು ಎನ್ನುವ ಕಿಟಕಿ. ‘ಕ್ಯಾನ್ಸಲ್’ ಒತ್ತಿ. ಡಿಸ್ಕಿನಲ್ಲಿ ನಾಲ್ಕು ಪಾರ್ಟಿಶನ್ (ಭಾಗ) ಇದ್ದರೆ ಕಿಟಕಿಯೂ ಒಂದರ ಹಿಂದೆ ಒಂದು ಬರಬಹುದು. ಮೂರನೆಯದಕ್ಕೆ ಬೇಸರ ಬಂದು ಜನ ‘ಫಾರ್ಮ್ಯಾಟ್’ ಒತ್ತುತ್ತಾರೆ. ಪ್ರತಿ ಸಲವೂ ಕ್ಯಾನ್ಸಲ್.

ಎರಡು, ಏನೂ ಬರುವುದಿಲ್ಲ, ‘ದಿಸ್ ಪಿಸಿ’ಯಲ್ಲಿ ಡಿಸ್ಕ್ ಕಾಣುವುದೇ ಇಲ್ಲ. ಹಲವು ಲಿನಕ್ಸ್ ಪಾರ್ಟಿಶನ್‌ಗಳಿಗೆ ವಿಂಡೋಸ್ ಡಿ, ಇ ಥರದ ಡ್ರೈವ್ ಅಕ್ಷರವನ್ನೇ ಕೊಡುವುದಿಲ್ಲ. ಇದು ಮಾಮೂಲು, ಗಾಬರಿ ಬೇಡ.

ಮೂರು, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ‘ಇನಿಶಿಯಲೈಸ್ ಡಿಸ್ಕ್’ ಅಂತ ಕೇಳುತ್ತದೆ. ಹೆಸರು ಸಾಧುವಾಗಿದೆ, ಕೆಲಸ ಸಾಧುವಲ್ಲ. ಒಪ್ಪಿದರೆ ಪಾರ್ಟಿಶನ್ ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆ. ಇದಕ್ಕೂ ಕ್ಯಾನ್ಸಲ್.

ಹಂತ 3: ಒಳಗೆ ಏನಿದೆ ಎಂದು ನೋಡಿ, ಮುಟ್ಟಬೇಡಿ

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಆರಿಸಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳಿವೆ. ಸೈಜ್ ನೋಡಿ ನಿಮ್ಮದು ಯಾವುದೆಂದು ಗುರುತಿಸಿ. ಅದರ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಿನಕ್ಸ್ ಪಾರ್ಟಿಶನ್‌ಗಳು ಇಲ್ಲಿ ‘ಹೆಲ್ದಿ’ ಅಂತ ಕಾಣುತ್ತವೆ, ಆದರೆ ಹೆಸರಿಲ್ಲ, ಫೈಲ್ ಸಿಸ್ಟಮ್ ಇಲ್ಲ. ಕೆಲವೊಮ್ಮೆ ‘ರಾ’ ಅಂತ ಬರೆದಿರುತ್ತದೆ. ಹೆಸರಿಲ್ಲ ಅಂದಮೇಲೆ ಖಾಲಿ ಅಂದುಕೊಂಡು ‘ಡಿಲೀಟ್ ವಾಲ್ಯೂಮ್’ ಒತ್ತುವುದು ಇಲ್ಲಿನ ದೊಡ್ಡ ತಪ್ಪು.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೆಮೊರಿ ಕಾರ್ಡ್ ಇರುವವರು ಬೇರೆ ಥರ ಮೋಸ ಹೋಗುತ್ತಾರೆ. ತೋಟದಲ್ಲಿ ಮಳೆ ಅಳೆಯಲು ಪೈ ಇಟ್ಟುಕೊಂಡ ಹುಡುಗರು ನಮ್ಮ ಕಡೆ ಈಗ ಸಿಗುತ್ತಾರೆ. “64 ಜಿಬಿ ಕಾರ್ಡ್ 512 ಎಂಬಿ ಆಗಿಬಿಟ್ಟಿದೆ” ಅನ್ನುವುದು ಅವರ ದೂರು. ಆಗಿಲ್ಲ. ಪೈ ಬೂಟ್ ಆಗಲು ಬೇಕಾದ ಸಣ್ಣ ಭಾಗ ಫ್ಯಾಟ್‌ನಲ್ಲಿರುತ್ತದೆ, ವಿಂಡೋಸ್‌ಗೆ ಅದು ಮಾತ್ರ ಕಾಣುತ್ತದೆ. ಮಳೆ ಲೆಕ್ಕವೆಲ್ಲ ಇರುವ ದೊಡ್ಡ ಭಾಗ ಇಎಕ್ಸ್‌ಟಿ4ನಲ್ಲಿ ಸುರಕ್ಷಿತವಾಗಿದೆ.

ಫಾರ್ಮ್ಯಾಟ್ ಕಿಟಕಿ ಪದೇ ಪದೇ ಬರುತ್ತಿದ್ದರೆ ಆ ಪಾರ್ಟಿಶನ್ ಮೇಲೆ ಬಲಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ನಲ್ಲಿ ‘ರಿಮೂವ್’ ಒತ್ತಿ. ಅಕ್ಷರ ಮಾತ್ರ ಹೋಗುತ್ತದೆ, ಫೈಲ್ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಮಾಡಿಬಿಡಿ.

ಹಂತ 4: ಡಿಸ್ಕಿನ ನಾಡಿ ಹಿಡಿಯಿರಿ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ‘ಗುಡ್’ ಇದ್ದರೆ ಮುಂದೆ ಹೋಗಿ. ‘ಕಾಶನ್’ ಎಂದು ಹಳದಿ ಬಣ್ಣ ಬಂದರೆ 05, ಸಿ5, ಸಿ6 ಸಾಲುಗಳನ್ನು ನೋಡಿ. ಡಿಸ್ಕಿನ ಮೇಲೆ ಓದಲಾಗದ ಜಾಗಗಳು ಎಷ್ಟಾಗಿವೆ ಎನ್ನುವ ಲೆಕ್ಕ ಅಲ್ಲಿದೆ. ಸಿ5 ಏರುತ್ತಾ ಹೋದರೆ ಆ ಡಿಸ್ಕಿಗೆ ಸಮಯ ಕಡಿಮೆ. ಬೇಕೇಬೇಕಾದ ಫೋಲ್ಡರ್ ಮೊದಲು ತೆಗೆಯಿರಿ, ಸಿನಿಮಾ ಆಮೇಲೆ.

ಎಚ್ಚರಿಕೆಯ ಗುರುತುಗಳು ಇನ್ನೂ ಇವೆ. ಟಿಕ್ ಟಿಕ್ ಅಂತ ಒಂದೇ ಲಯದ ಸದ್ದು. ನಕಲಿನ ವೇಗ ಎಂಬಿಯಿಂದ ಕೆಬಿಗೆ ಕುಸಿಯುವುದು. ಡಿಸ್ಕ್ ತನ್ನಷ್ಟಕ್ಕೆ ಕಾಣೆಯಾಗಿ ಮತ್ತೆ ಬರುವುದು. ಕೊನೆಯದಕ್ಕೆ ಮೊದಲು ಕೇಬಲ್ ಬದಲಿಸಿ ನೋಡಿ, ಸಿಪಿಯು ಡಬ್ಬಿಯ ಮುಂದಿನ ಕಿಂಡಿ ಬಿಟ್ಟು ಹಿಂದಿನದಕ್ಕೆ ಹಾಕಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಟಿಕ್ ಟಿಕ್ ಸದ್ದಿಗೆ ಮಾತ್ರ ಮನೆಮದ್ದಿಲ್ಲ. ಕೂಡಲೇ ತೆಗೆಯಿರಿ. ಅಷ್ಟು ಮುಖ್ಯದ ಫೈಲ್ ಇದ್ದರೆ ಡೇಟಾ ರಿಕವರಿ ಲ್ಯಾಬ್‌ಗೇ ಕಳಿಸಬೇಕು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ಈ ತೇವದ ಊರಲ್ಲಂತೂ ನಂಬಬೇಡಿ.

ಹಂತ 5: ಫೈಲ್ ಹೊರತೆಗೆಯುವ ಮೂರು ದಾರಿ

ಮೊದಲ ದಾರಿ: ಲಿನಕ್ಸ್ ರೀಡರ್

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಡಿಸ್ಕ್‌ಇಂಟರ್ನಲ್ಸ್ ಅವರ ‘ಲಿನಕ್ಸ್ ರೀಡರ್’. ವಿಂಡೋಸ್‌ನಲ್ಲೇ ಓಡುತ್ತದೆ. ಓದುತ್ತದೆ ಅಷ್ಟೇ, ಬರೆಯುವುದಿಲ್ಲ, ಹಾಗಾಗಿ ಕೈತಪ್ಪಿದರೂ ಮೂಲ ಡಿಸ್ಕಿಗೆ ಏಟಿಲ್ಲ. ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಬಲಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ನಿಂದ ತೆರೆಯಿರಿ. ಇದನ್ನು ಬಿಟ್ಟರೆ ಡಿಸ್ಕ್ ಕಾಣದೇ ಹೋಗಬಹುದು. ನಿಮ್ಮ ಪಾರ್ಟಿಶನ್ ಮೇಲೆ ಡಬಲ್ ಕ್ಲಿಕ್ ಮಾಡಿ. ‘ಹೋಮ್’ ಎಂಬ ಫೋಲ್ಡರ್ ಒಳಗೆ ಬಳಸಿದವರ ಹೆಸರಿನ ಫೋಲ್ಡರ್ ಇರುತ್ತದೆ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಅದರೊಳಗೆ. ಬೇಕಾದದ್ದನ್ನು ಆರಿಸಿ, ಬಲಕ್ಲಿಕ್, ‘ಸೇವ್’. ಎಲ್ಲಿಗೆ ಎಂದು ಕೇಳಿದಾಗ ಇನ್ನೊಂದು ಡಿಸ್ಕ್ ತೋರಿಸಿ. ಡಾಕ್ಯುಮೆಂಟ್ ಮತ್ತು ಫೋಟೊ ಮಟ್ಟಿನ ಕೆಲಸಕ್ಕೆ ಇಷ್ಟು ಸಾಕು.

ನಿಮ್ಮಲ್ಲಿ ಆಗಲೇ 7-ಜಿಪ್ ಇದ್ದರೆ ಒಂದು ಗುಟ್ಟಿನ ಬಾಗಿಲಿದೆ. 7-ಜಿಪ್ ಫೈಲ್ ಮ್ಯಾನೇಜರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಳಾಸದ ಪಟ್ಟಿಯಲ್ಲಿ \\.\ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಹಂತ 3ರಲ್ಲಿ ಬರೆದಿಟ್ಟ ಸಂಖ್ಯೆಯ ಡಿಸ್ಕ್ ಒಳಗೆ ಹೋದರೆ ಇಎಕ್ಸ್‌ಟಿ4 ಭಾಗವನ್ನು ಅದು ಜಿಪ್ ಫೈಲಿನಂತೆ ಬಿಚ್ಚಿ ತೋರಿಸುತ್ತದೆ. ಒಂದೆರಡು ಫೈಲ್ ಬೇಕಿದ್ದರೆ ಇದೇ ಬೇಗ.

ಎರಡನೇ ದಾರಿ: ಪೆನ್‌ಡ್ರೈವ್‌ನಿಂದ ಉಬುಂಟು

ಅಂಗಡಿಯಲ್ಲಿ ನಾನು ಜಾಸ್ತಿ ಬಳಸುವುದು ಇದನ್ನು. ಲಿನಕ್ಸ್ ಡಿಸ್ಕನ್ನು ಲಿನಕ್ಸೇ ಓದಲಿ, ಅಷ್ಟೇ. ಅದಕ್ಕೆ ನಿಮ್ಮ ವಿಂಡೋಸ್ ತೆಗೆಯಬೇಕಾಗಿಲ್ಲ.

ಉಬುಂಟುವಿನ ಐಎಸ್‌ಒ ಫೈಲ್ ಇಳಿಸಿ. ಹಲವು ಜಿಬಿ ಇರುತ್ತದೆ, ಹಾಗಾಗಿ ಸಿಗ್ನಲ್ ಸಿಗದ ಮನೆಯವರು ಪೇಟೆಗೆ ಬಂದಾಗಲೇ ಇಳಿಸಿಕೊಂಡು ಹೋಗಿ. ರೂಫಸ್ ಎಂಬ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಇಲ್ಲೊಂದು ಭಯಂಕರ ತಪ್ಪು ನಡೆಯುತ್ತದೆ: ಲಿನಕ್ಸ್ ಡಿಸ್ಕನ್ನೂ ಚುಚ್ಚಿಟ್ಟುಕೊಂಡು ರೂಫಸ್‌ನಲ್ಲಿ ಅದನ್ನೇ ಆರಿಸುವುದು. ಪೆನ್‌ಡ್ರೈವ್ ತಯಾರಾಗುವ ತನಕ ಆ ಡಿಸ್ಕ್ ಮೇಜಿನ ಮೇಲಿರಲಿ.

ಆಮೇಲೆ ಕಂಪ್ಯೂಟರನ್ನು ‘ರೀಸ್ಟಾರ್ಟ್’ ಮಾಡಿ. ‘ಶಟ್‌ಡೌನ್’ ಬೇಡ. ಶಟ್‌ಡೌನ್ ಅಂದರೂ ಇವತ್ತಿನ ವಿಂಡೋಸ್ ಅರ್ಧ ನಿದ್ದೆ ಮಾಡುತ್ತದೆ, ಆಗ ಲಿನಕ್ಸ್‌ಗೆ ಸಿ ಡ್ರೈವ್ ಮೇಲೆ ಬರೆಯಲು ಆಗುವುದಿಲ್ಲ. ಆನ್ ಆಗುವಾಗ ಬೂಟ್ ಮೆನು ಕೀ ಒತ್ತುತ್ತಾ ಇರಿ: ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಉಬುಂಟುಗೆ ಸೆಕ್ಯೂರ್ ಬೂಟ್ (ಆನ್ ಆಗುವಾಗಿನ ಕಾವಲು) ಆಫ್ ಮಾಡಬೇಕಾಗಿಲ್ಲ. ಸುಮ್ನೆ ಆಫ್ ಮಾಡಿದರೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಇರುವ ಮೆಷಿನ್ ಮುಂದಿನ ಸಲ ರಿಕವರಿ ಕೀ ಕೇಳಿ ಕೂರುತ್ತದೆ.

ಪರದೆ ಬಂದಾಗ ‘ಟ್ರೈ ಉಬುಂಟು’ ಆರಿಸಿ. ‘ಇನ್‌ಸ್ಟಾಲ್’ ಅಲ್ಲ. ಈಗ ಲಿನಕ್ಸ್ ಡಿಸ್ಕ್ ಚುಚ್ಚಿ, ಜೊತೆಗೆ ಫೈಲ್ ಇಳಿಸುವ ಡಿಸ್ಕನ್ನೂ ಚುಚ್ಚಿ. ‘ಫೈಲ್ಸ್’ ತೆರೆದರೆ ಎರಡೂ ಕಾಣುತ್ತವೆ. ಒಂದರಿಂದ ಕಾಪಿ, ಇನ್ನೊಂದಕ್ಕೆ ಪೇಸ್ಟ್. ಸಿ ಡ್ರೈವ್‌ಗೆ ಹಾಕಲು ಹೋಗಬೇಡಿ.

ಹಳೇ ಬಳಕೆದಾರರ ಫೋಲ್ಡರ್ ಮೇಲೆ ಬೀಗದ ಚಿತ್ರ ಇದ್ದು ಒಳಗೆ ಬಿಡದಿದ್ದರೆ ಡಿಸ್ಕ್ ಕೆಟ್ಟಿದೆ ಅಂತಲ್ಲ. ಲಿನಕ್ಸ್‌ನ ಕಾವಲು ಅದು. ಫೈಲ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಲ್ ಒತ್ತಿ, ‘ಅಡ್ಮಿನ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು :/// ಸೇರಿಸಿ ಎಂಟರ್ ಒತ್ತಿ. ಅಲ್ಲಿಂದ ‘ಮೀಡಿಯಾ’ ಫೋಲ್ಡರ್ ಮೂಲಕ ಡಿಸ್ಕಿಗೆ ಹೋದರೆ ಬೀಗ ತೆರೆಯುತ್ತದೆ. ಈ ಸ್ಥಿತಿಯಲ್ಲಿ ಎಲ್ಲ ಅಧಿಕಾರವೂ ನಿಮ್ಮ ಕೈಯಲ್ಲಿರುತ್ತದೆ. ಕಾಪಿ ಬಿಟ್ಟು ಬೇರೇನೂ ಮಾಡಬೇಡಿ.

ಡಿಸ್ಕಿಗೆ ಲಕ್ಸ್ ಎಂಬ ಗೂಢಲಿಪಿ ಹಾಕಿದ್ದರೆ ಉಬುಂಟು ಪಾಸ್‌ವರ್ಡ್ ಕೇಳುತ್ತದೆ. ಗೊತ್ತಿದ್ದರೆ ತೆರೆಯುತ್ತದೆ. ಗೊತ್ತಿಲ್ಲದಿದ್ದರೆ ನನ್ನ ಹತ್ತಿರ ಬಂದರೂ ಆಗುವುದಿಲ್ಲ, ಯಾರ ಹತ್ತಿರ ಹೋದರೂ ಆಗುವುದಿಲ್ಲ.

ಮೂರನೇ ದಾರಿ: ಡಬ್ಲ್ಯುಎಸ್‌ಎಲ್

ಕಪ್ಪು ಪರದೆಗೆ ಹೆದರದವರಿಗೆ ಮಾತ್ರ. ವಿಂಡೋಸ್ 11ರ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ ಇದು, ಮೈಕ್ರೋಸಾಫ್ಟ್ ಕೊಟ್ಟದ್ದೇ. ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್ ಎಂದು ಕೊಟ್ಟು, ಮೆಷಿನ್ ರೀಸ್ಟಾರ್ಟ್ ಮಾಡಿ. ಆಮೇಲಿನ ಆಜ್ಞೆ ಹೀಗೆ, ಪದಗಳನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು:

ಡಬ್ಲ್ಯುಎಸ್‌ಎಲ್ --ಮೌಂಟ್ \\.\ಫಿಸಿಕಲ್‌ಡ್ರೈವ್2 --ಪಾರ್ಟಿಶನ್ 1

ಇಲ್ಲಿ 2 ಎನ್ನುವುದು ನೀವು ಹಂತ 3ರಲ್ಲಿ ಬರೆದಿಟ್ಟ ಸಂಖ್ಯೆ. 1 ಎನ್ನುವುದು ಆ ಡಿಸ್ಕಿನೊಳಗಿನ ಲಿನಕ್ಸ್ ಪಾರ್ಟಿಶನ್ನಿನ ಸಂಖ್ಯೆ, ನಿಮ್ಮದು ಬೇರೆ ಇರಬಹುದು. ಈ ದಾರಿಯಲ್ಲಿ ಡಿಸ್ಕಿನ ಮೇಲೆ ಬರೆಯಲೂ ಆಗುತ್ತದೆ, ಹಾಗಾಗಿ ಕಾಪಿ ಬಿಟ್ಟು ಬೇರೇನೂ ಮಾಡಬೇಡಿ. ಎಕ್ಸ್‌ಪ್ಲೋರರ್‌ನ ಎಡಗಡೆ ಪೆಂಗ್ವಿನ್ ಚಿತ್ರದ ‘ಲಿನಕ್ಸ್’ ಒಳಗೆ ಹೋಗಿ, ಉಬುಂಟು, ಎಂಎನ್‌ಟಿ, ಡಬ್ಲ್ಯುಎಸ್‌ಎಲ್ ಎಂದು ಇಳಿದರೆ ಫೈಲ್‌ಗಳು ಸಿಗುತ್ತವೆ. ಮುಗಿದ ಮೇಲೆ ‘--ಅನ್‌ಮೌಂಟ್’ ಕೊಟ್ಟೇ ಕೇಬಲ್ ತೆಗೆಯಿರಿ.

ಇದು ಎಲ್ಲಿ ಕೈಕೊಡುತ್ತದೆ ಅಂದರೆ: ಪೆನ್‌ಡ್ರೈವ್ ಮತ್ತು ಕಾರ್ಡ್ ರೀಡರ್‌ಗಳನ್ನು ಇದು ಒಪ್ಪುವುದಿಲ್ಲ, ಯುಎಸ್‌ಬಿ ಹಾರ್ಡ್‌ಡಿಸ್ಕ್ ಆಗುತ್ತದೆ. ಹಾಗಾಗಿ ಪೈ ಕಾರ್ಡಿನವರು ಇಲ್ಲಿ ಸಮಯ ಕಳೆಯಬೇಡಿ. ವಿಂಡೋಸ್ ಓಡುತ್ತಿರುವ ಡಿಸ್ಕಿನಲ್ಲೇ ಲಿನಕ್ಸ್ ಪಾರ್ಟಿಶನ್ ಇದ್ದರೂ ಆಗುವುದಿಲ್ಲ, ಯಾಕೆಂದರೆ ಇದು ಇಡೀ ಡಿಸ್ಕನ್ನು ವಿಂಡೋಸ್‌ನಿಂದ ಬಿಡಿಸಿಕೊಳ್ಳುತ್ತದೆ.

ಇನ್ನು ಎಕ್ಸ್ಟ್2ಎಫ್‌ಎಸ್‌ಡಿ ಎಂಬ ಡ್ರೈವರ್ ಹಾಕಿದರೆ ಲಿನಕ್ಸ್ ಡಿಸ್ಕ್ ಮಾಮೂಲಿ ಡ್ರೈವ್‌ನಂತೆ ಕಾಣುತ್ತದೆ, ಬರೆಯಲೂ ಬರುತ್ತದೆ ಅಂತ ಹಳೇ ವಿಡಿಯೊಗಳು ಹೇಳುತ್ತವೆ. ಅವು ತೋರಿಸುವ 0.69 ಆವೃತ್ತಿ 2017ರದ್ದು. ಹೊಸ ಇಎಕ್ಸ್‌ಟಿ4ನ ಕೆಲವು ಗುಣಗಳು ಅದಕ್ಕೆ ಅರ್ಥವಾಗುವುದಿಲ್ಲ. ಅರ್ಥವಾಗದ ಡಿಸ್ಕಿನ ಮೇಲೆ ಬರೆಯುವುದು ಎಂಥ ಕೆಲಸ ಹೇಳಿ. ಗಿರಾಕಿಗಳ ಮೆಷಿನ್‌ಗೆ ನಾನು ಹಾಕುವುದಿಲ್ಲ.

ಹಂತ 6: ನಕಲು ಮಾಡುವಾಗ ಕಾಲಿಗೆ ತೊಡರುವವು

ಹೆಸರುಗಳು ಮೊದಲ ತೊಂದರೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿನೊಳಗೆ : ? * | ಇದ್ದರೂ ನಡೆಯುತ್ತದೆ, ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ‘ಪುತ್ತರಿ 7:30’ ಅಂತ ಹೆಸರಿಟ್ಟ ಫೋಟೊ ಫೋಲ್ಡರ್ ಇಳಿಯದೇ ನಿಂತುಬಿಡುತ್ತದೆ. ಕನ್ನಡದ ಹೆಸರಿಗೆ ತೊಂದರೆಯಿಲ್ಲ, ತೊಂದರೆ ಆ ಚಿಹ್ನೆಯದ್ದು. ಇಳಿಸಿಕೊಳ್ಳುವಾಗ ಹೊಸ ಹೆಸರು ಕೊಡಿ, ಮೂಲ ಡಿಸ್ಕಿನಲ್ಲಿ ತಿದ್ದಬೇಡಿ.

ಇದಕ್ಕಿಂತ ಮೋಸದ್ದು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ. ಒಂದೇ ಹೆಸರನ್ನು ಒಂದು ಸಲ ದೊಡ್ಡಕ್ಷರದಲ್ಲಿ, ಇನ್ನೊಂದು ಸಲ ಸಣ್ಣಕ್ಷರದಲ್ಲಿ ಬರೆದರೆ ಲಿನಕ್ಸ್‌ಗೆ ಅವು ಎರಡು ಫೈಲ್, ವಿಂಡೋಸ್‌ಗೆ ಒಂದೇ. ‘ರಿಪ್ಲೇಸ್ ಮಾಡಲಾ?’ ಅಂತ ಕೇಳಿದಾಗ ಹೌದು ಅಂದರೆ ಒಂದು ಹೋಯಿತು. ‘ಎರಡನ್ನೂ ಇಟ್ಟುಕೋ’ ಎನ್ನಿ.

ದೊಡ್ಡ ವಿಡಿಯೊ ಇಳಿಯುತ್ತಿಲ್ಲ, ಜಾಗವಿದ್ದರೂ ‘ಫೈಲ್ ತುಂಬಾ ದೊಡ್ಡದು’ ಅನ್ನುತ್ತಿದೆ ಎಂದರೆ ನಿಮ್ಮ ಪೆನ್‌ಡ್ರೈವ್ ಫ್ಯಾಟ್32. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಲಿನಕ್ಸ್ ಮತ್ತು ವಿಂಡೋಸ್ ಎರಡರ ನಡುವೆ ದಿನಾ ಓಡಾಡುವ ಡಿಸ್ಕಿಗೂ ಎಕ್ಸ್‌ಫ್ಯಾಟೇ ಸರಿ. ಗಡಿಯಾಚೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಮೆಷಿನ್‌ಗಳೇ ಇರುವುದರಿಂದ, ಅಲ್ಲಿ ಓದುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ.

ಹಂತ 7: ಎಣಿಸಿ ನೋಡಿ, ಆಮೇಲೆ ಕೇಬಲ್ ತೆಗೆಯಿರಿ

ಮೂಲ ಫೋಲ್ಡರ್ ಮತ್ತು ನಕಲು ಎರಡರ ‘ಪ್ರಾಪರ್ಟೀಸ್’ ತೆರೆದು ಫೈಲ್‌ಗಳ ಸಂಖ್ಯೆ ತಾಳೆ ನೋಡಿ. ನಕಲಿನಿಂದ ನಾಲ್ಕಾರು ಫೋಟೊ, ಒಂದೆರಡು ಲೆಕ್ಕದ ಹಾಳೆ ತೆರೆದು ನೋಡಿ. ಹೆಸರು ಕಂಡರೆ ಸಾಲದು, ಒಳಗಿನದ್ದು ಕಾಣಬೇಕು. ‘ಇಜೆಕ್ಟ್’ ಕೊಟ್ಟು ಡಿಸ್ಕ್ ತೆಗೆಯಿರಿ. ಎಕ್ಸ್‌ಫ್ಯಾಟ್‌ಗೆ ಇದು ಇನ್ನೂ ಮುಖ್ಯ, ನಡುವೆ ಎಳೆದರೆ ಅದು ತಾನಾಗಿ ಸುಧಾರಿಸಿಕೊಳ್ಳುವುದಿಲ್ಲ. ಮೂಲ ಡಿಸ್ಕನ್ನು ಒಂದೆರಡು ತಿಂಗಳಾದರೂ ಹಾಗೇ ಎತ್ತಿಡಿ.

ಮ್ಯಾಕ್ ಇದ್ದವರಿಗೆ

ಮ್ಯಾಕ್‌ಗೂ ಇಎಕ್ಸ್‌ಟಿ4 ಗೊತ್ತಿಲ್ಲ. ‘ಈ ಡಿಸ್ಕ್ ಓದಲಾಗುತ್ತಿಲ್ಲ’ ಎಂದು ‘ಇನಿಶಿಯಲೈಸ್’, ‘ಇಗ್ನೋರ್’, ‘ಇಜೆಕ್ಟ್’ ಎಂಬ ಗುಂಡಿ ತೋರಿಸುತ್ತದೆ. ಇನಿಶಿಯಲೈಸ್ ಮುಟ್ಟಬೇಡಿ. ಪ್ಯಾರಗಾನ್ ಅವರ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಿದೆ. ಒಂದೇ ಸಲದ ಕೆಲಸವಾದರೆ ಪಕ್ಕದ ಮನೆಯ ವಿಂಡೋಸ್ ಲ್ಯಾಪ್‌ಟಾಪ್ ಕೇಳಿ ಪಡೆಯುವುದೇ ಅಗ್ಗ.

ಸಿಸಿಟಿವಿ ಡಿಸ್ಕ್ ತರುವವರಿಗೆ

ಹೋಂಸ್ಟೇ ನಡೆಸುವವರು ಡಿವಿಆರ್ (ಕ್ಯಾಮೆರಾದ ವಿಡಿಯೊ ಉಳಿಸುವ ಪೆಟ್ಟಿಗೆ) ಒಳಗಿನ ಡಿಸ್ಕ್ ಬಿಚ್ಚಿಕೊಂಡು ಬರುತ್ತಾರೆ. ಡಿವಿಆರ್ ಒಳಗೆ ಲಿನಕ್ಸ್ ಇರಬಹುದು, ಆದರೆ ವಿಡಿಯೊ ಇಡಲು ಹಲವು ಕಂಪನಿಗಳು ತಮ್ಮದೇ ಜೋಡಣೆ ಬಳಸುತ್ತವೆ. ಮೇಲಿನ ಯಾವ ದಾರಿಯೂ ಅದಕ್ಕೆ ಆಗದೇ ಇರಬಹುದು. ಡಿಸ್ಕನ್ನು ಮತ್ತೆ ಡಿವಿಆರ್‌ಗೇ ಹಾಕಿ, ಅದರ ಮೆನುವಿನಲ್ಲಿ ‘ಬ್ಯಾಕಪ್’ ಹುಡುಕಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ.

ಫಾರ್ಮ್ಯಾಟ್ ಒತ್ತಿಬಿಟ್ಟಿದ್ದರೆ

ಆ ಕ್ಷಣದಿಂದ ಡಿಸ್ಕಿನ ಮೇಲೆ ಒಂದಕ್ಷರವೂ ಬೀಳಬಾರದು. ‘ಇಜೆಕ್ಟ್’ ಕೊಟ್ಟು ತೆಗೆದಿಡಿ. ಡಿಸ್ಕ್ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ. ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ‘ಈ ಜಾಗವೆಲ್ಲ ಬೇಡವಾಯಿತು’ ಎಂದು ಡಿಸ್ಕಿಗೆ ಹೇಳುತ್ತದೆ, ಡಿಸ್ಕ್ ನಿಜವಾಗಿಯೂ ಗುಡಿಸಿ ಹಾಕುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದು, ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೆ ಫೈಲಿನ ಒಳಗಿನದ್ದು ಬಹುಪಾಲು ಅಲ್ಲೇ ಇರುತ್ತದೆ. ಹೋದದ್ದು ಯಾವುದು ಎಲ್ಲಿದೆ ಎನ್ನುವ ಪಟ್ಟಿ.

ಮೊದಲು ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಇನ್ನೊಂದು ದೊಡ್ಡ ಡಿಸ್ಕಿಗೆ ತೆಗೆಯಬೇಕು. ಪ್ರಯೋಗವೆಲ್ಲ ಆ ಪ್ರತಿಯ ಮೇಲೆ. ಇಎಕ್ಸ್‌ಟಿ4 ತನ್ನ ಮುಖ್ಯ ಪುಟದ ನಕಲುಗಳನ್ನು ಡಿಸ್ಕಿನ ಬೇರೆ ಬೇರೆ ಕಡೆ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್‌ನಿಂದ ಅದನ್ನು ಹುಡುಕಿ ನೋಡಬಹುದು. ಸಿಕ್ಕರೆ ಫೋಲ್ಡರ್, ಹೆಸರು ಸಮೇತ ಬಹಳಷ್ಟು ವಾಪಸ್ ಬರಬಹುದು. ಸಿಗದಿದ್ದರೆ ಫೋಟೊರೆಕ್. ಹೆಸರು ಫೋಟೊ ಅಂತಿದ್ದರೂ ಲೆಕ್ಕದ ಹಾಳೆಗಳನ್ನೂ ಹೆಕ್ಕುತ್ತದೆ, ಆದರೆ ಫೈಲಿನ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ.

ರೈಟರ್ ತಂದ ಡಿಸ್ಕಿನಲ್ಲಿ ಸಿಕ್ಕಿದ್ದು ಹೀಗೇ. ಬರೀ ನಂಬರ್ ಹೆಸರಿನ ನೂರಾರು ಹಾಳೆಗಳು. ಯಾವುದು ಚೆಕ್‌ರೋಲ್, ಯಾವುದು ಮಳೆಯದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ಅವರೇ ಮೂರು ಸಂಜೆ ಅಂಗಡಿಯಲ್ಲಿ ಕೂತು ಒಂದೊಂದೇ ತೆರೆದು, ಆಳುಗಳ ಹೆಸರು ಓದಿ, ಯಾವ ವರ್ಷದ್ದೆಂದು ಗುರುತಿಸಿ ಹೆಸರಿಟ್ಟರು. ಎರಡು ವರ್ಷದ ಮಳೆ ಲೆಕ್ಕ ಸಿಗಲಿಲ್ಲ. ಅದನ್ನು ಆಫೀಸಿನ ಹಳೇ ಡೈರಿ ನೋಡಿ ಮತ್ತೆ ಟೈಪ್ ಮಾಡುತ್ತಿದ್ದಾರೆ.